ಮೊದಲು ಪಾಲು, ಆಮೇಲೆ ಲೆಕ್ಕವೆ?

ಮೊನ್ನೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ವಾದ ಹುಟ್ಟಿಕೊಂಡಿತು. ರಾಯಚೂರು ಸೀಮೆಯಿಂದ ವರ್ಗವಾಗಿ ಬಂದಿರುವ ಮಿತ್ರರೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು, "ಸಾಕಾತ್ರಿ ಸರ, ನಮ್ಮ ಪಾಲು ನಮಗ ಕೊಟ್ಟುಬಿಡ್ರಿ. ಮೊದಲ ಬ್ಯಾರೆ ಆಗೋಣು, ಲೆಕ್ಕಪತ್ರ ಎಲ್ಲಾ ಆಮ್ಯಾಲ ನೋಡಿಕೊಂಡ್ರಾತು" ಎಂದರು. ಎದುರಿಗೆ ಕುಳಿತಿದ್ದ ನಮ್ಮ ಜಿಲ್ಲೆಯವರೇ ಆದ ಇನ್ನೊಬ್ಬರು ನನ್ನ ಕಡೆ ತಿರುಗಿ, "ಹೋಗ್ಲಿ ಬುಡಿ ಮೇಷ್ಟ್ರೇ, ನಮ್ಮ ದುಡ್ಡು ನಮ್ಗೆ ಉಳೀತದೆ. ಅದ್ಕೆ ಲೆಕ್ಕ ಬೇರೆ ಕೇಡು!" ಎಂದರು. ಆಮೇಲೆ ಗಂಟೆ ಹೊಡೆಯುವವರೆಗೆ ಇಬ್ಬರೂ ಕಾದಾಡಿದರು. ಆದರೆ ನಾನು ಗಮನಿಸಿದ ಸಂಗತಿಯೇ ಬೇರೆ. ಹಾವು ಮುಂಗುಸಿಗಳಂತೆ ಕಚ್ಚಾಡಿದ ಈ ಮಹನೀಯರಿಬ್ಬರಿಗೂ ಒಂದು ವಿಷಯದಲ್ಲಿ ಮಾತ್ರ ಸಂಪೂರ್ಣ ಒಮ್ಮತವಿತ್ತು: ಬೇರೆಯಾಗುವುದಕ್ಕೆ ಒಪ್ಪಂದ ಬೇಕಾಗಿಲ್ಲ. ಅವರ ಜಗಳ ನನ್ನನ್ನು ಹೆದರಿಸಲಿಲ್ಲ. ಈ ಒಮ್ಮತ ಹೆದರಿಸಿತು. ಅದರಿಂದಲೇ ಈ ಬರಹ.

ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯವಾಗಬೇಕೆಂಬ ಕೂಗು ಹೊಸದಲ್ಲ. 2018ರ ಆಗಸ್ಟ್ 2ರಂದು ಇದಕ್ಕಾಗಿಯೇ ಬಂದ್ ಆಚರಿಸಬೇಕೆಂದು ಕರೆ ಕೊಡಲಾಗಿತ್ತು. 2022ರಲ್ಲಿ ತೀರಿಕೊಂಡ ಉಮೇಶ ಕತ್ತಿಯವರು ಮಂತ್ರಿ ಪದವಿಯಲ್ಲಿದ್ದಾಗಲೂ ಈ ಮಾತನ್ನು ಬಹಿರಂಗವಾಗಿ ಆಡುತ್ತಿದ್ದರು. ಇಂಥ ಮಾತು ಕೇಳಿದೊಡನೆಯೇ "ದ್ರೋಹ, ದ್ರೋಹ" ಎಂದು ಕೂಗುವವರ ಗುಂಪಿಗೆ ನಾನು ಸೇರಿದವನಲ್ಲ. ರಾಜ್ಯವೊಂದು ಭಾರತವನ್ನು ಬಿಟ್ಟು ಹೊರಗೆ ಹೋಗುವ ಹಕ್ಕನ್ನು ನಮ್ಮ ಸಂವಿಧಾನ ಯಾರಿಗೂ ಕೊಟ್ಟಿಲ್ಲ, ನಿಜ. ಆದರೆ ಒಂದು ರಾಜ್ಯದ ಒಡಲಿನಿಂದ ಇನ್ನೊಂದು ರಾಜ್ಯ ಹುಟ್ಟುವುದಕ್ಕೆ ಅದರ 3ನೆಯ ವಿಧಿಯಲ್ಲಿ ಅವಕಾಶವಿದೆ. ಅವಕಾಶವಿರುವುದನ್ನು ಕೇಳಿದವನು ದ್ರೋಹಿಯಾಗುವುದು ಹೇಗೆ?

ಅಪಾಯವಿರುವುದೂ ಆ 3ನೆಯ ವಿಧಿಯಲ್ಲಿಯೇ. ಹೊಸ ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳು ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯಕ್ಕೆ ಕಳುಹಿಸಬೇಕು. ಅಭಿಪ್ರಾಯ ಕೇಳಬೇಕೇ ಹೊರತು ಒಪ್ಪಿಗೆ ಪಡೆಯಬೇಕಾಗಿಲ್ಲ. ಎಂದರೆ, ಒಡೆಯುವ ಮನೆಯವರು ಒಂದು ಮಾತಿಗೆ ಬಾರದೆಯೇ ಮನೆ ಒಡೆಯಬಹುದು. ಕಾನೂನು ಹೀಗೆ ಬಾಗಿಲು ತೆರೆದಿಟ್ಟಿರುವುದರಿಂದಲೇ "ಮೊದಲು ಪಾಲು, ಆಮೇಲೆ ಲೆಕ್ಕ" ಎನ್ನುವವರ ಬಾಯಿಗೆ ಬಲ ಬಂದಿದೆ. ಆದುದರಿಂದ ಪ್ರಶ್ನೆಯನ್ನು ನೇರವಾಗಿ ಕೇಳಿಕೊಳ್ಳೋಣ: ಬೇರೆಯಾಗುವುದೇ ಆದರೆ, ನೀರು, ಸಾಲ, ನೌಕರಿ, ರಾಜಧಾನಿಗಳ ಬಗ್ಗೆ ಒಪ್ಪಂದವಿಲ್ಲದೆ ಬೇರೆಯಾಗಬಹುದೆ? ಕೂಡದು ಎಂಬುದು ನನ್ನ ಉತ್ತರ. ಒಪ್ಪಂದವಿಲ್ಲದ ಪಾಲಿನಲ್ಲಿ ಮೊದಲು ಕೆಡುವವನು ಪಾಲು ಕೇಳಿದ ಬಡವನೇ ಎಂಬುದು ನನ್ನ ವಾದ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಮಂಡ್ಯ ತಾಲ್ಲೂಕಿನ ದುದ್ದ ನನ್ನ ಊರು. 1991ರಲ್ಲಿ ನಮ್ಮ ತಾತ ತೀರಿಕೊಂಡ ಮೇಲೆ ಅವರ ಇಬ್ಬರು ಮಕ್ಕಳು, ನಮ್ಮ ಅಪ್ಪ ಮತ್ತು ಚಿಕ್ಕಪ್ಪ, ಬೇರೆಯಾದರು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಅರಳೀಕಟ್ಟೆಯ ಮೇಲೆ ಊರಿನ ಯಜಮಾನರು ಕುಳಿತು ಹಗ್ಗ ಹಿಡಿಸಿ ಹೊಲ ಅಳೆಸಿದರು. ದನ, ನೇಗಿಲು, ಹಿತ್ತಾಳೆ ಹಂಡೆ, ಅಜ್ಜಿಯ ರಾಗಿಕಲ್ಲು ಎಲ್ಲವೂ ಪಾಲುಪತ್ರಕ್ಕೆ ಏರಿದವು. ಬಾವಿಯಿದ್ದ ತುಂಡು ಚಿಕ್ಕಪ್ಪನ ಭಾಗಕ್ಕೆ ಹೋಯಿತು. ಯಜಮಾನರಲ್ಲೊಬ್ಬರು, "ನೀರಿನ ಪಾಳೀನೂ ಬರೆದುಬುಡ್ರಪ್ಪ, ಯಾರಿಗೆ ಯಾವ ದಿನ ಅಂತ" ಎಂದರು. ಅಣ್ಣತಮ್ಮಂದಿರಿಬ್ಬರೂ ಒಂದೇ ದನಿಯಲ್ಲಿ ನಕ್ಕರಂತೆ. "ಒಂದೇ ತಾಯಿ ಮಕ್ಕಳಿಗೆ ನೀರಿಗೂ ಕಾಗದವಾ? ಆಮೇಲೆ ನೋಡ್ಕೊಂಡ್ರಾಯ್ತು ಬುಡಿ."

ಎರಡು ವರ್ಷ ಯಾವ ತೊಂದರೆಯೂ ಬರಲಿಲ್ಲ, ಮಳೆ ಚೆನ್ನಾಗಿತ್ತು. ಮೂರನೆಯ ವರ್ಷ ಬಾವಿಯಲ್ಲಿ ನೀರು ಇಳಿಯಿತು, ಮೋಟಾರಿನ ಪೆಟ್ಟಿಗೆಗೆ ಬೀಗ ಬಿತ್ತು. ನಮ್ಮ ಕಬ್ಬು ಕಣ್ಣೆದುರಿಗೇ ಒಣಗಿತು. ದಾವೆ ಮಂಡ್ಯದ ಕೋರ್ಟಿಗೆ ಹೋಯಿತು. ಅಲ್ಲಿಂದ ಹದಿನಾಲ್ಕು ವರ್ಷ. ಆ ಹದಿನಾಲ್ಕು ವರ್ಷಗಳಲ್ಲಿ ಎರಡು ಮನೆಯವರೂ ವಕೀಲರ ಫೀಜಿಗಾಗಿ ಒಂದೊಂದು ತುಂಡು ಹೊಲ ಮಾರಿಕೊಂಡರು. ಹಬ್ಬ ಬಂದರೆ ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದು ಕೂಗಿ ಒಬ್ಬಟ್ಟು ಕೊಡುತ್ತಿದ್ದ ಚಿಕ್ಕವ್ವ, ಬೀದಿಯಲ್ಲಿ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ತಿರುಗುವಂತಾಯಿತು. ಕೊನೆಗೆ ತೀರ್ಪೇನೋ ಬಂದಿತು. ಅಷ್ಟು ಹೊತ್ತಿಗೆ ಸುತ್ತಲೂ ಕೊಳವೆಬಾವಿಗಳೆದ್ದು, ನಮ್ಮ ಬಾವಿಯಲ್ಲಿ ನೀರೇ ಇರಲಿಲ್ಲ.

ಮನೆಯ ಮಾತು ಬೇರೆ, ರಾಜ್ಯದ ಮಾತು ಬೇರೆ ಎನ್ನುವವರು ನಮ್ಮ ನೆರೆಯನ್ನು ನೋಡಲಿ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಪಾರ್ಲಿಮೆಂಟು ಅದನ್ನೇ ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ಹುಟ್ಟಿತು. ಕಾನೂನಿತ್ತು, ಒಪ್ಪಂದವಿರಲಿಲ್ಲ. ಹೈದರಾಬಾದು ಹತ್ತು ವರ್ಷ ಇಬ್ಬರಿಗೂ ರಾಜಧಾನಿ ಎಂದು ಬರೆದರು. ಆ ಹತ್ತು ವರ್ಷ 2024ರ ಜೂನ್ 2ಕ್ಕೆ ಮುಗಿದಾಗಲೂ ಹಂಚಿಕೊಳ್ಳಬೇಕಾದ ಸಂಸ್ಥೆಗಳು, ಆಸ್ತಿಗಳ ವ್ಯಾಜ್ಯ ಮುಗಿದಿರಲಿಲ್ಲ. ಕೃಷ್ಣೆಯ ನೀರಿಗೆ 2015ರಲ್ಲಿ ಆಂಧ್ರಕ್ಕೆ 512, ತೆಲಂಗಾಣಕ್ಕೆ 299 ಟಿ.ಎಂ.ಸಿ. ಎಂದು ಒಂದು ತಾತ್ಕಾಲಿಕ ಏರ್ಪಾಡು ಮಾಡಿಕೊಂಡರು. ಆ ತಾತ್ಕಾಲಿಕವೇ ವರ್ಷದಿಂದ ವರ್ಷಕ್ಕೆ ಜಗಳದ ಮೂಲವಾಯಿತು. ಎರಡು ರಾಜ್ಯಗಳ ನಡುವಿನ ಹಂಚಿಕೆಯನ್ನು ತೀರ್ಮಾನಿಸಿರೆಂದು ಕೇಂದ್ರ ಸರ್ಕಾರ ನ್ಯಾಯಮಂಡಳಿಗೆ ಹೊಸದಾಗಿ ಒಪ್ಪಿಸಿದ್ದು 2023ರ ಅಕ್ಟೋಬರಿನಲ್ಲಿ, ಬೇರೆಯಾದ ಒಂಬತ್ತು ವರ್ಷಗಳ ಮೇಲೆ. ಅದರ ಮರುತಿಂಗಳ ಕೊನೆಯಲ್ಲಿ, ತೆಲಂಗಾಣದಲ್ಲಿ ಚುನಾವಣೆಯ ಮತದಾನ ನಡೆಯಬೇಕಾಗಿದ್ದ ಹೊತ್ತಿಗೇ, ಆಂಧ್ರದ ಪೊಲೀಸರು ನಾಗಾರ್ಜುನಸಾಗರದ ಅಣೆಕಟ್ಟಿನ ಅರ್ಧದಷ್ಟು ಬಾಗಿಲುಗಳನ್ನು ವಶಕ್ಕೆ ತೆಗೆದುಕೊಂಡು ತಮ್ಮ ಕಡೆಯ ಕಾಲುವೆಗೆ ನೀರು ಹರಿಸಿದರು. ಒಂದೇ ಅಣೆಕಟ್ಟಿನ ಮೇಲೆ ಎರಡು ರಾಜ್ಯಗಳ ಪೊಲೀಸರು ಎದುರುಬದುರು ನಿಂತರು. ಇಬ್ಬರೂ ಬೈದಾಡಿದ್ದು ತೆಲುಗಿನಲ್ಲಿಯೇ. ಭಾಷೆ ಒಂದಾದ ಮಾತ್ರಕ್ಕೆ ನೀರಿನ ಪಾಳಿ ತಾನಾಗಿ ಗೊತ್ತಾಗುವುದಿಲ್ಲ.

ದೊಡ್ಡ ದೇಶದವರು ಇದಕ್ಕಿಂತ ಜಾಣರೇನೋ ಎಂದುಕೊಂಡರೆ ಅದೂ ಇಲ್ಲ. 2016ರ ಜೂನ್ 23ರಂದು ಬ್ರಿಟನ್ನಿನ ಮತದಾರರು 52ಕ್ಕೆ 48ರಂತೆ ಯೂರೋಪಿಯನ್ ಒಕ್ಕೂಟವನ್ನು ಬಿಡಬೇಕೆಂದು ತೀರ್ಮಾನಿಸಿದರು. ಬಿಡುವುದು ಹೇಗೆ ಎಂಬ ಪ್ರಶ್ನೆ ಮತಪತ್ರದಲ್ಲಿ ಇರಲೇ ಇಲ್ಲ. ಹೊರಟ ಮೇಲೆ ನೋಡಿದರೆ ಐರ್ಲೆಂಡಿನ ನಡುವೆ ಒಂದು ಗಡಿ! 1998ರ ಶಾಂತಿ ಒಪ್ಪಂದದಿಂದ ತಣ್ಣಗಾಗಿದ್ದ ಆ ಗಡಿಯಲ್ಲಿ ಮತ್ತೆ ಸುಂಕದ ಕಟ್ಟೆ ಹಾಕುವುದೋ ಬಿಡುವುದೋ ತಿಳಿಯದೆ ಒಬ್ಬ ಪ್ರಧಾನಿ ರಾಜೀನಾಮೆ ಕೊಟ್ಟರು. ಒಪ್ಪಂದವಿಲ್ಲದೆಯೇ ಹೊರಟುಬಿಡೋಣ ಎಂದು ಎದೆ ತಟ್ಟಿದವರಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೂ ಕೊನೆಗೆ 2020ರ ಜನವರಿ 31ರಂದು ಅವರು ಹೊರಗೆ ಬಂದದ್ದು ಒಂದು ಒಪ್ಪಂದಕ್ಕೆ ಸಹಿ ಹಾಕಿಯೇ. ವ್ಯಾಪಾರದ ಒಪ್ಪಂದ ಕುದುರಲು ಅದೇ ಡಿಸೆಂಬರ್ 24ರವರೆಗೆ ಹೆಣಗಬೇಕಾಯಿತು. ಅಷ್ಟು ಶ್ರೀಮಂತ ದೇಶಕ್ಕೇ ಬರಿಗೈಯಲ್ಲಿ ಹೊರಡುವ ಧೈರ್ಯ ಬರಲಿಲ್ಲ. ಯಾದಗಿರಿಯ ಕೂಲಿಯವನಿಗೆ ಆ ಧೈರ್ಯವನ್ನು ಬೋಧಿಸುವವರು ಯಾರು?

ಆದರೆ ಮಂಡ್ಯದ ನಾವು ಈ ಪಾಠಕ್ಕಾಗಿ ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಒಪ್ಪಂದವೆಂದರೇನು, ಅದಿಲ್ಲದಿದ್ದರೇನು ಎಂಬುದನ್ನು ಈ ಸೀಮೆಯಷ್ಟು ಬಲ್ಲವರು ಇನ್ನಾರಿದ್ದಾರೆ? 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು, ಹೀಗೆ ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ ಕಾವೇರಿಯ ಬಗ್ಗೆ ಒಪ್ಪಂದ ಮಾಡಿಕೊಂಡವು. ಎರಡೂ ನಮಗೆ ಅನ್ಯಾಯ ಮಾಡಿದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿನಲ್ಲಿ ಹುರುಳೂ ಇದ್ದಿತು. 1924ರ ಒಪ್ಪಂದಕ್ಕೆ 50 ವರ್ಷ ತುಂಬಿದ್ದು 1974ರಲ್ಲಿ. ಸಂಕೋಲೆ ಕಳಚಿತೆಂದು ನಾವು ಹಿಗ್ಗಿದೆವು. ಆ ಕಾಲದಲ್ಲಿ ಕಬಿನಿ, ಹೇಮಾವತಿ, ಹಾರಂಗಿಗಳ ಜಲಾಶಯಗಳು ತುಂಬಿದವು. ನಮಗೆ ಆದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಒಪ್ಪಂದದ ಜಾಗಕ್ಕೆ ಹೊಸದು ಬರಲಿಲ್ಲ. ಮಾತುಕತೆ ಮುರಿಯುತ್ತ ಮುರಿಯುತ್ತ 1990ರ ಜೂನಿನಲ್ಲಿ ನ್ಯಾಯಮಂಡಳಿ ಬಂದಿತು. 1991ರ ಜೂನಿನಲ್ಲಿ 205 ಟಿ.ಎಂ.ಸಿ. ಬಿಡಬೇಕೆಂಬ ಮಧ್ಯಂತರ ಆದೇಶ ಬಂದಿತು. ಅದನ್ನು ಒಪ್ಪುವುದಿಲ್ಲವೆಂದು ನಮ್ಮ ಸರ್ಕಾರ ಜುಲೈ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದಿತು. ಡಿಸೆಂಬರಿನಲ್ಲಿ ನಮ್ಮ ನಾಡಿನ ಬೀದಿಗಳಲ್ಲಿ ಬೆಂಕಿ ಬಿದ್ದಿತು. ತಲೆತಲಾಂತರದಿಂದ ನಮ್ಮ ನಡುವೆ ದುಡಿದುಕೊಂಡಿದ್ದ ತಮಿಳು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಓಡಿದವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದೆ 2007ರಲ್ಲಿ ಅಂತಿಮ ತೀರ್ಪು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ನಮ್ಮ 270ಕ್ಕೆ 14.75 ಸೇರಿಸಿ 284.75 ಟಿ.ಎಂ.ಸಿ. ಮಾಡಿತು. 1974ರಿಂದ 2018ರವರೆಗೆ ಎಷ್ಟಾಯಿತು? 44 ವರ್ಷ. ನೀರು ಬಿಡುವುದೋ ಬೇಡವೋ ಎಂದು ಪ್ರತಿ ಬರಗಾಲದಲ್ಲಿ ನಮ್ಮವರು ಹೆದ್ದಾರಿಯ ಮೇಲೆ ಕುಳಿತದ್ದು ಈ ಒಪ್ಪಂದವಿಲ್ಲದ ಕಾಲದ ಫಲ.

ಈಗ ರಾಯಚೂರಿನ ಮಿತ್ರರಿಗೆ ನನ್ನದೊಂದು ಪ್ರಶ್ನೆ. ನೀವು ಬೇರೆಯಾಗುತ್ತೀರಿ, ಆಗಲಿ. ತುಂಗಭದ್ರೆ ಎಲ್ಲಿಂದ ಬರುತ್ತಾಳೆ? ತುಂಗೆಯೂ ಭದ್ರೆಯೂ ಹುಟ್ಟಿ ಹರಿಯುವುದು ಚಿಕ್ಕಮಗಳೂರು, ಶಿವಮೊಗ್ಗಗಳಲ್ಲಿ. ಭದ್ರಾ ಜಲಾಶಯವಿರುವುದು ಲಕ್ಕವಳ್ಳಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆ ಚಿತ್ರದುರ್ಗಕ್ಕೂ ತುಮಕೂರಿಗೂ ನೀರೊಯ್ಯುವುದಕ್ಕಾಗಿಯೇ ರೂಪುಗೊಂಡದ್ದು. ಗಡಿಯ ಗೆರೆ ಎಳೆದ ದಿನ ಈ ತಲೆಬಾಗಿಲುಗಳೆಲ್ಲ ದಕ್ಷಿಣದವರ ಕೈಯಲ್ಲಿ ಉಳಿಯುತ್ತವೆ. ಗಂಗಾವತಿ, ಸಿಂಧನೂರುಗಳ ಭತ್ತದ ರೈತ ಬೆಳಗಾಗುವುದರೊಳಗೆ ತಂಜಾವೂರಿನ ರೈತನ ಜಾಗದಲ್ಲಿ ನಿಲ್ಲುತ್ತಾನೆ. ಇಂದು ಅವನ ನೀರಿನ ದೂರನ್ನು ಕೇಳಲು ತಾನು ಓಟು ಹಾಕಿ ಮಾಡಿದ ಒಂದು ಸರ್ಕಾರವಿದೆ. ನಾಳೆ ಅವನು ನ್ಯಾಯಮಂಡಳಿಯ ಬಾಗಿಲು ಕಾಯಬೇಕು. ಇನ್ನು ಕೃಷ್ಣೆಯ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಕೊಟ್ಟ ತೀರ್ಪೇ ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಗೆಜೆಟ್ಟು ಸೇರದೆ ನಿಂತಿದೆ. ಇರುವ ವಾದಿಗಳೇ ಸಾಲದೆಂದು ಇನ್ನೊಬ್ಬ ವಾದಿಯನ್ನು ಹುಟ್ಟಿಸಿದರೆ ಆಲಮಟ್ಟಿಯ ನೀರು ಹೊಲಕ್ಕೆ ಬೇಗ ಬರುತ್ತದೆಯೆ?

"ಹಾಗಾದರೆ ಮೇಲೆ ಕುಳಿತ ನಿಮಗೆ ಒಳ್ಳೆಯದೇ ಆಯಿತಲ್ಲ" ಎನ್ನಬಹುದು. ಸ್ವಾಮಿ, ಮೇಲಿನವನ ಸುಖ ಎಷ್ಟರದೆಂದು ಮಂಡ್ಯದವನನ್ನು ಕೇಳಿ. ಕೆಳಗಿನವನು ಕೋರ್ಟಿನಲ್ಲಿರುವವರೆಗೆ ಮೇಲಿನವನಿಗೂ ನಿದ್ದೆಯಿಲ್ಲ.

ನೀರೊಂದೇ ಅಲ್ಲ. ರಾಜ್ಯದ ಸಾಲವನ್ನು ತಲೆ ಎಣಿಸಿ ಹಂಚುವುದೋ, ಖರ್ಚಾದ ಜಾಗ ನೋಡಿ ಹಂಚುವುದೋ? ಎರಡನೆಯದಾದರೆ ಬೆಂಗಳೂರಿನ ಪಾಲಿಗೆ ಎಷ್ಟು ಬರಬೇಕು? ಆ ಬೆಂಗಳೂರು ಯಾರ ದುಡಿಮೆ? ಕಲಬುರಗಿಯಿಂದ ರೈಲು ಹತ್ತಿ ಬಂದು ಅಲ್ಲಿ ಕಲ್ಲು ಮಣ್ಣು ಹೊತ್ತವರ ಬೆವರಿಗೆ ಪಾಲುಪತ್ರದಲ್ಲಿ ಯಾವ ಕಲಮು? ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಬೂದಿಯೆಲ್ಲ ಶಕ್ತಿನಗರದ ಸುತ್ತಲಿನವರಿಗೆ, ದೀಪ ಮಾತ್ರ ದಕ್ಷಿಣಕ್ಕೂ ಉರಿದಿದೆ. ಆ ಲೆಕ್ಕ ಎಲ್ಲಿ? ಇದನ್ನೆಲ್ಲ "ಆಮೇಲೆ" ಎನ್ನುವವನು ಬಡ ಜಿಲ್ಲೆಯ ಹಿತೈಷಿಯಲ್ಲ. ಹಕ್ಕಿನಿಂದ ಕೇಳಬೇಕಾದುದನ್ನು ಭಿಕ್ಷೆಯಾಗಿ ಕೇಳುವ ಸ್ಥಿತಿಗೆ ಅವರನ್ನು ತಳ್ಳುವವನು ಅವನು.

"ಆಮೇಲೆ" ಎಂಬ ಮಾತಿಗೆ ಕನ್ನಡಿಗರು ಈಗಾಗಲೇ ಬೆಲೆ ತೆತ್ತಿದ್ದಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ನಮಗೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿದೆ, ಕಾಸರಗೋಡು ಕೇರಳದಲ್ಲಿದೆ. ಬೆಳಗಾವಿಗಾಗಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಕುಳಿತಿದೆ. ಗೆರೆ ಎಳೆದ ಮೇಲೆ ತಿದ್ದುವುದು ಎಷ್ಟು ಸುಲಭವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಲ್ಲಿಯವರೆಗೆ ಓದಿ ನಮ್ಮ ಸೀಮೆಯ ವಾಚಕರು ತಲೆದೂಗುತ್ತಿದ್ದರೆ, ಸ್ವಲ್ಪ ತಾಳಿ. ಕೂಡಿರುವುದೂ ಒಂದು ಒಪ್ಪಂದವೇ. ಅದನ್ನು ಪಾಲಿಸಬೇಕಾದ ಹೊಣೆ ರಾಜಧಾನಿ ಯಾರ ಬಳಿಯಿದೆಯೋ ಅವರದು.

1956ರಲ್ಲಿ ಏಕೀಕರಣ ಬೇಡವೆಂದವರು ಯಾರು? ಹಳೆಯ ಮೈಸೂರಿನ ನಮ್ಮವರಲ್ಲೇ ಬಹುಮಂದಿ. ನಮ್ಮ ಕಾರ್ಖಾನೆ, ನಮ್ಮ ವಿದ್ಯುತ್ತು, ನಮ್ಮ ಹಣ ಬಡ ಜಿಲ್ಲೆಗಳಿಗೆ ಸೋರಿಹೋಗುವುದೆಂಬ ಭಯ. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯಲ್ಲಿಯೇ ಈ ಶಂಕೆಗಳ ಚರ್ಚೆಯಿದೆ. ತನ್ನವರೇ ಮುನಿದರೂ ಏಕೀಕರಣದ ಪರವಾಗಿ ನಿಂತವರು ಕೆಂಗಲ್ ಹನುಮಂತಯ್ಯನವರು. ನವೆಂಬರ್ 1ರಂದು ರಾಜ್ಯ ಹುಟ್ಟಿದಾಗ ಅವರು ಮುಖ್ಯಮಂತ್ರಿಯಾಗಿ ಉಳಿದಿರಲಿಲ್ಲ. ಮುಂಬಯಿ, ಹೈದರಾಬಾದು ಪ್ರಾಂತಗಳಿಂದ ಬಂದವರು ಲೆಕ್ಕ ಕೇಳಿ ಬಂದವರಲ್ಲ, ನಾಡೆಂಬ ಅಭಿಮಾನದಿಂದ ಬಂದವರು. ಅವರ ಆ ಅಭಿಮಾನವನ್ನು ನಾವು ರಿಯಾಯಿತಿಯೆಂದು ತಿಳಿದೆವು.

ಲೆಕ್ಕ ಬೇಕೆಂದರೆ ಅದೂ ಉಂಟು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಅದು ಗುರುತಿಸಿತು. ಆ 39ರಲ್ಲಿ 26 ಉತ್ತರದವು. ಕಲಬುರಗಿ ವಿಭಾಗದಲ್ಲೇ 21. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಮಿತಿ ಸೂಚಿಸಿತು. ಎಂಟು ವರ್ಷ ಎಂದೋ ಮುಗಿಯಿತು. ಅಸಮತೋಲನವನ್ನು ಮತ್ತೆ ಅಳೆಯುವುದಕ್ಕೆಂದು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ರೋಗ ವಾಸಿಯಾಗಿದ್ದರೆ ಎರಡನೆಯ ವೈದ್ಯನನ್ನು ಕರೆಸಬೇಕಾಗಿತ್ತೆ? 371(ಜೆ) ವಿಧಿ ಬಂದಿತು, ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣಸೌಧ ಎದ್ದಿತು. ಹೆಸರು ಚೆಂದ, ಕಟ್ಟಡವೂ ಚೆಂದ. ಆದರೆ ಚಳಿಗಾಲದ ಹತ್ತು ಹನ್ನೆರಡು ದಿನ ಅಲ್ಲಿ ಸಭೆ ಸೇರಿ, ಅದರಲ್ಲೂ ಅರ್ಧವನ್ನು ಗದ್ದಲದಲ್ಲಿ ಕಳೆದು, ಬೆಂಗಳೂರಿನ ರಸ್ತೆ ಹಿಡಿಯುವುದನ್ನು ಕಂಡ ಅಲ್ಲಿಯ ಜನ ಏನೆಂದುಕೊಳ್ಳಬೇಕು?

ಕೊಟ್ಟ ಮಾತು ಮುರಿದರೆ ಏನಾಗುತ್ತದೆಂಬುದಕ್ಕೂ ತೆಲಂಗಾಣವೇ ನಿದರ್ಶನ. 1956ರ ಫೆಬ್ರವರಿಯಲ್ಲಿ ಸಜ್ಜನರ ಒಪ್ಪಂದವೆಂದು ಹೆಸರಾದ ಕರಾರು ಮಾಡಿಕೊಂಡೇ ಅವರು ಆಂಧ್ರದೊಡನೆ ಕೂಡಿದರು. ಆ ಕರಾರು ನಡೆಯಲಿಲ್ಲವೆಂಬ ಕೊರಗೇ ಮುಂದೆ ಚಳವಳಿಯಾಯಿತು. ಕೂಡುವಾಗಿನ ಒಪ್ಪಂದ ಕಾಗದದಲ್ಲೇ ಉಳಿದುದರಿಂದ, ಒಡೆಯುವಾಗ ಒಪ್ಪಂದಕ್ಕೆ ಬರುವಷ್ಟು ನಂಬಿಕೆ ಇಬ್ಬರಲ್ಲೂ ಉಳಿದಿರಲಿಲ್ಲ.

ನನ್ನ ವಾದಕ್ಕೆ ಒಂದು ಗಟ್ಟಿಯಾದ ಎದುರುವಾದವಿದೆ. ಅದನ್ನು ರಾಯಚೂರಿನ ಮಿತ್ರರೇ ಎತ್ತಿದರು. "ಸರ, ಒಪ್ಪಂದ ಆಗಲಿ ಅಂತ ಕಾಕೋತ ಕುಂತ್ರ, ಕೀಲಿ ಕೈಯಾಗ ಇದ್ದಾಂವ ಯಾಕ ಸಹಿ ಹಾಕ್ತಾನ್ರಿ? ನಿಮ್ಮ ಚಿಕ್ಕಪ್ಪ ಹಾಕಿದ್ರೇನು?" ಎಂದರು. ಈ ಮಾತು ನನ್ನನ್ನು ತಟ್ಟಿತು. ಬಲಿಷ್ಠನಿಗೆ ವಿಳಂಬವೇ ಆಯುಧವೆಂಬುದು ನಿಜ. ಆದರೆ ನಮ್ಮ ಚಿಕ್ಕಪ್ಪ ಅರಳೀಕಟ್ಟೆಯ ಮೇಲೆ ಆ ದಿನ ಸಹಿ ಹಾಕುತ್ತಿದ್ದರು; ಕಾಗದ ಬೇಡವೆಂದು ನಕ್ಕವರಲ್ಲಿ ನಮ್ಮ ಅಪ್ಪನೂ ಒಬ್ಬರು. ಪಾಲು ಮುಗಿದು ಬಾವಿ ತನ್ನದಾದ ಮೇಲೆ ಚಿಕ್ಕಪ್ಪನಿಗೆ ಸಹಿಯ ಜರೂರು ಉಳಿಯಲಿಲ್ಲ. ದುರ್ಬಲನ ಕೈಯಲ್ಲಿ ಚೌಕಾಶಿಯ ಶಕ್ತಿ ಇರುವುದು ಮನೆ ಒಡೆಯುವ ಮುಂಚೆ. ಇಂದು ವಿಧಾನಸಭೆಯಲ್ಲಿ ಉತ್ತರದ ಶಾಸಕರನ್ನು ಬಿಟ್ಟು ಯಾವ ಪಕ್ಷವೂ ಸುಲಭವಾಗಿ ಸರ್ಕಾರ ಮಾಡಲಾರದು. ಆ ಬಲವನ್ನು ಹಿಡಿದು ಲೆಕ್ಕ ಕೇಳಬೇಕಾದವರು ಮಂತ್ರಿಗಿರಿ ಕೇಳಿ ಸುಮ್ಮನಾದದ್ದಕ್ಕೆ ನಾವು ಮಾತ್ರ ಹೊಣೆಯೆ?

ಆದುದರಿಂದ ಗಡುವಿಟ್ಟು ಕೇಳಲಿ. ಬೆಳಗಾವಿಯ ಪ್ರತಿ ಅಧಿವೇಶನದ ಮೊದಲನೆಯ ದಿನ, ಹಿಂದುಳಿದ ಒಂದೊಂದು ತಾಲ್ಲೂಕಿಗೂ ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಖಾಲಿ ಬಿದ್ದ ಮೇಷ್ಟರ ಹುದ್ದೆ, ಡಾಕ್ಟರ ಹುದ್ದೆ ಎಷ್ಟು ಎಂಬ ಪಟ್ಟಿ ಸದನದ ಮುಂದೆ ಬರಲಿ. ನಾಲ್ಕು ವರ್ಷ ಪಟ್ಟಿ ಬಂದೂ ತಾಲ್ಲೂಕು ಮೇಲೇಳದಿದ್ದರೆ, ಆಗ ಬೇರೆಯಾಗುವ ಮಾತಾಡಲಿ. ಆದರೆ ಅಂದೂ ತುಂಗಭದ್ರೆಯ ಪಾಳಿ, ಕೃಷ್ಣೆಯ ಪಾಲು, ಸಾಲದ ಹಂಚಿಕೆ, ನೌಕರರ ಸೇವೆ, ಬೆಂಗಳೂರಿನ ಮೇಲಿನ ಹಕ್ಕು ಇವಿಷ್ಟನ್ನೂ ಬರೆದ ಕರಡನ್ನು ಮೊದಲು ಮುಂದಿಟ್ಟು ಮಾತಾಡಲಿ. ಆ ಕರಡು ನ್ಯಾಯವಾಗಿದ್ದರೆ ಅದಕ್ಕೆ ಸಹಿ ಹಾಕಿರೆಂದು ಈ ದುದ್ದದವನೇ ಮಂಡ್ಯದಲ್ಲಿ ನಿಂತು ಹೇಳುತ್ತಾನೆ. ನನ್ನ ಜಿಲ್ಲೆಯ ಮಿತ್ರರಿಗೂ ಒಂದು ಮಾತು: "ಹೋಗ್ಲಿ ಬುಡಿ" ಎನ್ನುವ ಮುನ್ನ, ಉಳಿಸಿಕೊಳ್ಳುವುದಕ್ಕಾಗಿ ನಾವು ಕೊಟ್ಟದ್ದೇನೆಂಬ ಪಟ್ಟಿಯನ್ನು ಅವರೂ ಒಮ್ಮೆ ಬರೆದು ನೋಡಲಿ.

ಪಾಲು ಕೇಳುವವರು ಪಾಲುಪತ್ರದ ಕರಡು ತರಲಿ. ಕೂಡಿರೋಣವೆನ್ನುವವರು ಖರ್ಚಿನ ಲೆಕ್ಕ ತರಲಿ. ಎರಡೂ ಇಲ್ಲದೆ ಗಂಟಲೊಂದನ್ನೇ ನೆಚ್ಚಿಕೊಂಡು ಬಂದವರನ್ನು ನಮ್ಮೂರ ಅರಳೀಕಟ್ಟೆಯ ಯಜಮಾನರೇ ಎಬ್ಬಿಸಿ ಕಳುಹಿಸುತ್ತಿದ್ದರು. ಬಾವಿ ಬತ್ತಿದ ಮೇಲೆ ಬರುವ ತೀರ್ಪು ಯಾರ ಹೊಲವನ್ನೂ ನೆನೆಸುವುದಿಲ್ಲ.